ಉಳ್ಳಾಗಡ್ಡಿ ಸರ್ ಕೇಳುತ್ತಿದ್ದ ಪ್ರಶ್ನೆ

ನಮ್ಮ ಕೆಮಿಸ್ಟ್ರಿ ಸರ್ ಅವರ ಅಂಗಿಯ ಜೇಬಿನಲ್ಲಿ ಎರಡು ವಸ್ತುಗಳು ಇರುತ್ತಿದ್ದವು. ಒಂದು ನೀಲಿ ಪೆನ್ನು, ಇನ್ನೊಂದು ಸಣ್ಣ ಉಳ್ಳಾಗಡ್ಡಿ. ಪೆನ್ನನ್ನು ಎಷ್ಟೋ ಸಲ ಮನೆಯಲ್ಲೇ ಬಿಟ್ಟು ಬಂದು ನಮ್ಮ ಹತ್ತಿರ ಕೇಳುತ್ತಿದ್ದರು. ಉಳ್ಳಾಗಡ್ಡಿ ಬಿಟ್ಟು ಬಂದದ್ದನ್ನು ನಾನು ಕಾಣೆ. ಈರುಳ್ಳಿ ಎಂದು ಬರೆಯಬಹುದಿತ್ತು. ಆದರೆ ಸಿಂಧನೂರಿನಲ್ಲಿ ಹಾಗೆಂದರೆ ಕಾಯಿಪಲ್ಲೆ ಮಾರುವವಳು ಬೆಂಗಳೂರು ಕಡೆಯವರೇನೋ ಎಂದು ಮುಖ ನೋಡುತ್ತಾಳೆ. ನಾವು ಅವರಿಗೆ ಇಟ್ಟ ಹೆಸರೂ 'ಉಳ್ಳಾಗಡ್ಡಿ ಸರ್' ಎಂದೇ. ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಹಾಜರಿ ಪುಸ್ತಕದ ಹೊರಗೆ ತಮ್ಮ ಹೆಸರು ಎಲ್ಲಿ ಕಂಡರೂ ಅವರಿಗೆ ಕಸಿವಿಸಿಯಾಗುತ್ತಿತ್ತು.

ಹೋದ ತಿಂಗಳು ಲಿಂಗಸುಗೂರಿನಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಹಾರ ಹಾಕಿದ ಅವರ ಫೋಟೊ ಬಂತು. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ನಾನೂ ಒಂದನ್ನು ಒತ್ತಿದೆ. ಡಬ್ಬಿಯಲ್ಲಿ ರೊಟ್ಟಿಯ ಪಕ್ಕ ಹಸಿ ಉಳ್ಳಾಗಡ್ಡಿಯ ಹೋಳು ಇತ್ತು. ಅದನ್ನು ಮೂಸಿ ನೋಡಿ, ತಿನ್ನಲಾರದೆ ಡಬ್ಬಿ ಮುಚ್ಚಿದೆ. ಅವರಿಗೆ ನಾನು ಒಂದು ಮಾತು ಹೇಳುವುದಿತ್ತು. ಇಪ್ಪತ್ತು ವರ್ಷಗಳಿಂದ ಇತ್ತು.

ನಾನು ಗೊರೇಬಾಳದವಳು. ಅಪ್ಪ ಗೊರೇಬಾಳಕ್ಕೂ ಸಿಂಧನೂರಿಗೂ ನಡುವೆ ಆಟೊ ಓಡಿಸುತ್ತಿದ್ದ. ಪಿಯುಸಿಗೆ ಸಿಂಧನೂರಿನ ಕಾಲೇಜು ಸೇರಿದಾಗ ಅದೇ ಆಟೊದಲ್ಲಿ ನಾನೂ ಒಬ್ಬ ಗಿರಾಕಿ. ಕಾಲುವೆಯ ಎರಡೂ ಬದಿ ಭತ್ತದ ಗದ್ದೆ, ಒಳಗೆ ಒತ್ತಿ ಕೂತ ಹನ್ನೊಂದು ಜನ, ಮೂಲೆಯಲ್ಲಿ ಬಾಯಿ ಬಿಡದ ನಾನು. ತರಗತಿಯಲ್ಲೂ ಅಷ್ಟೆ. ಯಾರಾದರೂ ಹೆಸರು ಕೇಳಿದರೆ ಎರಡನೇ ಸಲ ಕೇಳುವ ಹಾಗೆ ಹೇಳುತ್ತಿದ್ದೆ.

ಸರ್ ನೋಡಲು ಎತ್ತರ, ತೆಳು. ವರ್ಷವಿಡೀ ಬಿಳಿ ಅಂಗಿ, ಬಿಳಿ ಅಲ್ಲದಿದ್ದರೆ ನೀಲಿ. ಮೂರನೆಯ ಬಣ್ಣ ಅವರ ಮೈಮೇಲೆ ನಾವು ನೋಡಲಿಲ್ಲ. "ಮಾಸ್ತರ್‍ಗ ಟೇಲರ್ ಒಂದೇ ಥಾನ್ ಕೊಟ್ಟಾನ" ಎಂದು ಹುಡುಗರು ನಗುತ್ತಿದ್ದರು. ಮಾತು ಮಾತ್ರ ಬಣ್ಣಬಣ್ಣದ್ದು. ಆಮ್ಲ, ಪ್ರತ್ಯಾಮ್ಲ ಎಂದು ಶುರು ಮಾಡಿದರೆ ಓಣಿಯ ಸುದ್ದಿ ಹೇಳುತ್ತಿದ್ದಾರೇನೋ ಅನ್ನಿಸಬೇಕು.

"ಸೂಚಕ ಅಂದ್ರ ಯಾರು ಗೊತ್ತೈತೇನು? ನಿಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಇರ್ತಾಳಲ್ಲ, ಯಾರ ಮನಿಗೆ ಹೋಗಿ ಬಂದ್ರೂ ಆ ಮನಿ ಸುದ್ದಿ ಆಕೀ ಮಾರಿ ಮ್ಯಾಲೇ ಇರತೈತಿ. ಲಿಟ್ಮಸ್ ಅಂದ್ರ ಆಕೀನ. ಹುಳೀ ಮನಿಗೆ ಹೋದ್ರ ಕೆಂಪಗ ಬರ್ತಾಳ, ಸುಣ್ಣದ ಮನಿಗೆ ಹೋದ್ರ ನೀಲಿ ಆಗಿ ಬರ್ತಾಳ." ತರಗತಿ ನಕ್ಕು ಮುಗಿಯುವವರೆಗೆ ಕಾದು, ಬೋರ್ಡಿನ ಕಡೆ ತಿರುಗಿ, ಇದ್ದಕ್ಕಿದ್ದಂತೆ ಗಂಭೀರವಾಗುತ್ತಿದ್ದರು. "ಬಣ್ಣ ಹೊರಗಿಂದ ಯಾರೂ ಹಚ್ಚಂಗಿಲ್ಲ. ಸೂಚಕದ ಅಣು ತನ್ನ ಹಂತ್ಯಾಕ ಇದ್ದ ಒಂದು ಹೈಡ್ರೋಜನ್ ಬಿಟ್ಟುಕೊಡತೈತಿ. ಅಷ್ಟಕ್ಕ ಅದರ ಕಟ್ಟೇ ಬದಲಾಗತೈತಿ, ಬೆಳಕು ಹಿಡಿಯೋ ರೀತಿ ಬದಲಾಗತೈತಿ. ನಮಗ ಅದು ಬಣ್ಣ ಅನಸ್ತೈತಿ."

'ನಮಗ' ಎನ್ನುವಾಗ ಒಂದು ಕ್ಷಣ ತಡೆಯುತ್ತಿದ್ದರು. ಅದರ ಅರ್ಥ ನನಗೆ ಆಮೇಲೆ ಗೊತ್ತಾಯಿತು.

ಪ್ರಯೋಗಶಾಲೆಯಲ್ಲಿ ಅವರದೊಂದು ರೂಢಿ ಇತ್ತು. ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಲ್ಲಿ ಪ್ರತ್ಯಾಮ್ಲ, ಕೆಳಗೆ ಗಾಜಿನ ಬುದ್ದಲಿಯಲ್ಲಿ ಆಮ್ಲ, ಅದಕ್ಕೆ ಎರಡು ಹನಿ ಫಿನಾಲ್ಫ್ತಲೀನ್ ಎಂಬ ಸೂಚಕ. ಮೇಲಿನಿಂದ ಹನಿಹನಿಯಾಗಿ ಬಿಡುತ್ತ ಹೋದರೆ ನೀರಿನಂತಿದ್ದ ದ್ರಾವಣ ಒಂದೇ ಒಂದು ಹನಿಗೆ ತಿಳಿಗುಲಾಬಿಯಾಗುತ್ತದೆ. ಆ ಹನಿಗೆ ನಿಲ್ಲಿಸಬೇಕು. ಸರ್ ಬುದ್ದಲಿ ಅಲ್ಲಾಡಿಸುತ್ತ, ಕೊಳವೆಯ ತಿರುಪು ಹಿಡಿದು, ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು: "ಬಂತೇನು?"

ಅದು ನಮ್ಮನ್ನು ಪರೀಕ್ಷಿಸಲು ಕೇಳುವ ಪ್ರಶ್ನೆ ಎಂದೇ ಎಲ್ಲರೂ ತಿಳಿದಿದ್ದೆವು. ಹುಡುಗರು ಚೇಷ್ಟೆಗೆ ಬಣ್ಣ ಬರುವ ಮೊದಲೇ "ಬಂತ್ರಿ ಸರ್" ಎನ್ನುತ್ತಿದ್ದರು. ನಾನು ಮಾತಾಡದವಳು, ಆದ್ದರಿಂದ ಸುಳ್ಳನ್ನೂ ಹೇಳುತ್ತಿರಲಿಲ್ಲ. ನೋಡಿ, ಬಂದಾಗ ಮಾತ್ರ "ಬಂತು" ಎನ್ನುತ್ತಿದ್ದೆ. ಎರಡು ವಾರದಲ್ಲಿ ಅವರು ಪ್ರಶ್ನೆಯನ್ನು ನನ್ನ ಕಡೆ ಮಾತ್ರ ಎಸೆಯತೊಡಗಿದರು. ಕಿಟಕಿಯ ಪಕ್ಕದ ಮೇಜು ನನಗೆ ಖಾಯಂ ಆಯಿತು. ಹೆಸರನ್ನು ಎರಡು ಸಲ ಕೇಳಿಸಿಕೊಳ್ಳಬೇಕಾದ ಹುಡುಗಿಯ 'ಬಂತು' ಎಂಬ ಮಾತಿಗೆ ಇಡೀ ಪ್ರಯೋಗಶಾಲೆ ಕಾಯುವುದೆಂದರೆ ಏನು ಎಂದು ಈಗ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ನನಗೆ ಎರಡು ಗೇಣು ಎತ್ತರ ಬೆಳೆದಂತಾಗಿತ್ತು.

ಒಂದು ದಿನ ಎಲ್ಲರೂ ಹೋದ ಮೇಲೆ ನಾನು ಗಾಜಿನ ಸಾಮಾನು ತೊಳೆಯುತ್ತಿದ್ದೆ. ಸರ್ ಮರುದಿನದ ದ್ರಾವಣ ತಯಾರಿಸಲು ಒಂದು ಬುದ್ದಲಿ ಎತ್ತಿಕೊಂಡರು. ಅದರ ತಳದಲ್ಲಿ ತಿಳಿಗುಲಾಬಿ ನೀರು ಹಾಗೇ ಇತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ತೃಪ್ತಿಯಿಂದ ತಲೆಯಾಡಿಸಿದರು, ಅದರೊಳಗೇ ಆಮ್ಲ ಅಳೆದು ಹಾಕಲು ಹೊರಟರು.

"ಸರ್, ಅದು ತೊಳದದ್ದಲ್ರಿ."

"ತೊಳದೈತಲ್ಲವಾ, ನೀರಾಗೈತಿ ನೋಡು."

"ಇಲ್ರಿ ಸರ್, ಗುಲಾಬಿ ಐತಿ."

ಅವರು ಬುದ್ದಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಬಾಗಿಲ ಕಡೆ ನೋಡಿದರು. ಆ ಉದ್ದ ಮನುಷ್ಯ ಸ್ಟೂಲಿನ ಮೇಲೆ ಕೂತದ್ದನ್ನು ಅದೇ ಮೊದಲು ನೋಡಿದ್ದು.

"ನನಗ ಕೆಂಪು ಕಾಣಂಗಿಲ್ಲವಾ. ಹುಟ್ಟಿದಾಗಿಂದ. ಕೆಂಪು, ಹಸರು ಎರಡೂ ನನಗ ಒಂದೇ ಮಣ್ಣಿನ ಬಣ್ಣ. ಇದರಂಥ ತೆಳು ಗುಲಾಬಿ ಅಂದ್ರ ನೀರೇ ಸೈ. ಯಾರ ಮುಂದೂ ಹೇಳಬ್ಯಾಡ."

ಪಾಮನಕಲ್ಲೂರಿನಲ್ಲಿ ಚಿಕ್ಕವರಿದ್ದಾಗ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದರಂತೆ. ಹಣ್ಣಾದದ್ದನ್ನು ಮಾತ್ರ ಬಿಡಿಸು ಎಂದರೆ ಹಸಿಕಾಯಿಯನ್ನೂ ಕೂಡಿಸಿ ಉಡಿ ತುಂಬಿಸುತ್ತಿದ್ದರು. ಹೊಲದವರು ಬೈದರೆ ಅವ್ವ ಇವರನ್ನು ಬಡಿಯುತ್ತಿದ್ದಳು, ಹುಡುಗ ಬೇಕೆಂದೇ ಮಾಡುತ್ತಾನೆ ಎಂದು. ನೌಕರಿ ಸೇರುವಾಗ ದವಾಖಾನೆಯಲ್ಲಿ ಗೋಡೆಯ ಅಕ್ಷರ ಓದಿಸಿದರು, ಬಣ್ಣ ಯಾರೂ ಕೇಳಲಿಲ್ಲ. "ನಮ್ಮ ಓಣ್ಯಾಗ ಸರ್ಕಾರಿ ನೌಕರಿಗೆ ಬಂದಾಂವ ನಾನ ಮೊದಲು. ನಮ್ಮಪ್ಪ ನಾ ಕಾಲೇಜಿನ್ಯಾಗ ಬಣ್ಣದ ನೀರಿನ ಪಾಠ ಹೇಳ್ತೀನಂತ ಊರೆಲ್ಲಾ ಹೇಳಿಕೊಂಡು ತಿರಗ್ಯಾನ. ಈಗ ಬಣ್ಣಾನ ಕಾಣಂಗಿಲ್ಲ ಅಂತ ಗೊತ್ತಾದ್ರ ಇಜ್ಜತ್ ಉಳಿಯೋದಿಲ್ಲ."

"ನೀಲೀನೂ ಕಾಣಂಗಿಲ್ಲೇನ್ರಿ ಸರ್?" ಎಂದೆ.

ಆಗ ನಕ್ಕರು. "ನೀಲಿ ಕಾಣತೈತಿ. ನೀಲಿ ನಮ್ಮ ಓಣಿ ಬಣ್ಣವಾ. ಅದೂ ಕಾಣದಿದ್ರ ನಮ್ಮವ್ವ ನನ್ನ ಮನಿಯಾಗ ಕರಕೊಂತಿದ್ದಿಲ್ಲ."

ಉಳ್ಳಾಗಡ್ಡಿಯ ಗುಟ್ಟೂ ಅವತ್ತೇ ಬಿಚ್ಚಿತು. ಅವರವ್ವ ಉಳ್ಳಾಗಡ್ಡಿ ಹೆಚ್ಚಿದ ಮೇಲೆ ಒಲೆಯ ಬೂದಿಯಿಂದ ಕೈ ತಿಕ್ಕಿಕೊಳ್ಳುತ್ತಿದ್ದಳಂತೆ, ವಾಸನೆ ಹೋಗಲಿ ಎಂದು. ಹುಣಸೆ ಹುಳಿ ಕಲಸಿದ ಕೈಯಲ್ಲಿ ವಾಸನೆ ಹಾಗೇ ಉಳಿಯುತ್ತಿತ್ತು, ಬೂದಿ ತಿಕ್ಕಿದರೆ ಸತ್ತುಹೋಗುತ್ತಿತ್ತು. ಬೂದಿಯೂ ಪ್ರತ್ಯಾಮ್ಲವೇ ಎಂದು ಕಾಲೇಜಿನಲ್ಲಿ ಓದುವಾಗ ಹೊಳೆಯಿತು. ಉಳ್ಳಾಗಡ್ಡಿ ರಸದಲ್ಲಿ ನೆನೆಸಿದ ಬಟ್ಟೆ ಚೂರನ್ನು ದ್ರಾವಣದಲ್ಲಿ ಅದ್ದಿ ಮೂಸುತ್ತಿದ್ದರು. ವಾಸನೆ ಇದ್ದರೆ ಆಮ್ಲ ಇನ್ನೂ ಇದೆ, ವಾಸನೆ ಹೋದರೆ ಪ್ರತ್ಯಾಮ್ಲ ಗೆದ್ದಿದೆ. "ಬಾಟ್ಲಿ ಯಾವುದು ಏನಂತ ಮೂಗಿಗೆ ಗೊತ್ತಾಗತೈತಿ. ಆದ್ರ ಒಂದು ಹನಿ ಲೆಕ್ಕ ಮೂಗಿಗೆ ಸಿಗಂಗಿಲ್ಲ, ಅದಕ್ಕ ಕಣ್ಣು ಬೇಕು" ಎಂದರು. ಮತ್ತೆ ಇನ್ನೊಂದು ಮಾತು ಹೇಳಿದರು. "ಆ ಗುಲಾಬಿ ನಿಲ್ಲೋ ಬಣ್ಣ ಅಲ್ಲವಾ. ಗಾಳಿ ಬಡದ್ರ ಜರ್ರ ಹೊತ್ತಿಗೆ ಹೋಗಿಬಿಡತೈತಿ. ಬಂದಾಗ ಹೇಳಿಬಿಡಬೇಕು. ತಡಾ ಮಾಡಿ ಹೇಳಿದ್ರ ಖರೇನೂ ಸುಳ್ಳಾಗತೈತಿ."

ಹೀಗೆ ನಾನು ಅವರ ಕಣ್ಣಾದೆ. ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಕಾಲೇಜಿನ ಆಚೆಗೂ ಒಮ್ಮೆ ಈ ಕೆಲಸ ಬಿತ್ತು. ನಮ್ಮ ಕಾಲೇಜಿನ ಜವಾನ ಸಾಲಗುಂದದವನು, ಅವನ ಮಗಳ ಮದುವೆ. ಅರಿಷಿಣ ಹಚ್ಚುವ ಶಾಸ್ತ್ರ ಮುಗಿದು, ಮದುಮಗಳು ಉಟ್ಟ ಬಿಳಿ ಸೀರೆಯನ್ನು ಯಾರೋ ಸಾಬೂನು ಹಚ್ಚಿ ನೆನೆಸಿಟ್ಟರು. ಅರಿಷಿಣದ ಕಲೆಗಳೆಲ್ಲ ರಕ್ತದಂತೆ ಕೆಂಪಾದವು. ಗಂಡಿನ ಕಡೆಯ ಒಬ್ಬ ಅತ್ತೆ ಎದೆ ಬಡಿದುಕೊಂಡಳು: "ಅಪಶಕುನ ಆಗೇತಿ, ಯಾರೋ ಮಾಟಾ ಮಾಡ್ಯಾರ, ಮದಿವಿ ಮುಂದ ಹಾಕ್ರಿ!" ಜವಾನ ಅಳುತ್ತ ಕಾಲೇಜಿಗೆ ಓಡಿ ಬಂದ. ಸರ್ ನಮ್ಮಪ್ಪನ ಆಟೊ ಕರೆಸಿ ಅವನನ್ನೂ ನನ್ನನ್ನೂ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ನಾಲ್ಕು ನಿಂಬೆಹಣ್ಣು ಕೊಂಡರು.

ಚಪ್ಪರದ ತುಂಬ ಹೆಂಗಸರು. ಸರ್ ಸೀರೆಯ ಮೇಲೆ ನಿಂಬೆಹಣ್ಣು ಹಿಂಡಿದರು, ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: "ಹೋತೇನು?"

"ಇನ್ನೂ ಒಂದಿಷ್ಟು ಐತ್ರಿ, ಬಲಕ್ಕ."

ಬಲಕ್ಕೆ ಹಿಂಡಿದರು. "ಈಗ?"

"ಹೋತ್ರಿ, ಹಳದಿ ಆತು."

ಆಗ ಎದ್ದು ನಿಂತು, ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, ಹುಟ್ಟಾ ಬಣ್ಣಗಾರನ ಗತ್ತಿನಿಂದ ಹೇಳಿದರು, "ನೋಡ್ರೆವಾ, ಹೆಂಗ ಹಳದಿ ಹೊಳಿಯಾಕತ್ತೈತಿ! ಮಾಟಾ ಮಾಡಿದಾಕಿ ನಿಮ್ಮ ಸಾಬೂನು. ಆಕೀನ್ನ ಹಿಡೀರಿ." ಅತ್ತೆ ತಾನೇ ಒಂದು ಮೂಲೆಗೆ ಸಾಬೂನು ಹಚ್ಚಿ, ಕೆಂಪು ಮಾಡಿ, ನಿಂಬೆ ಹಿಂಡಿ, ಹಳದಿ ಮಾಡಿ, ಮೂರು ಸಲ ಆಟವಾಡಿದಳು. ಮದುವೆ ಆಯಿತು. ತಿರುಗಿ ಬರುವಾಗ ಅಪ್ಪ ಆಟೊದಲ್ಲಿ, "ಸರ್, ನೀವು ಭಾರೀ ಶಾಣ್ಯಾ ಬಿಡ್ರಿ" ಎಂದ. ಸರ್ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಆ ದಾರಿಯಲ್ಲಿ ಇವತ್ತು ಹೋದರೂ ನನಗೆ ನಿಂಬೆಹಣ್ಣಿನ ವಾಸನೆ ಬರುತ್ತದೆ. ಅಂಥ ಸಂಜೆ ಮತ್ತೊಂದು ಸಿಕ್ಕಲಿಲ್ಲ.

ಇನ್ನು ಹೇಳಲೇಬೇಕಾದ ಕಡೆಗೆ ಬರುತ್ತೇನೆ.

ಎರಡನೇ ವರ್ಷದ ಅರ್ಧವಾರ್ಷಿಕದಲ್ಲಿ ಪ್ರಯೋಗದ ಪರೀಕ್ಷೆ. ಸರ್ ಮೇಜಿನಿಂದ ಮೇಜಿಗೆ ಹೋಗಿ ಹುಡುಗರದು ನೋಡಬೇಕು, ಅವರ ಹಿಂದೆ ನೆಪಕ್ಕೆ ಬಾಟಲಿ ಹಿಡಿದು ನಾನು ತಿರುಗಬೇಕು. ತಿರುಗಿ ತಿರುಗಿ ನನ್ನ ಸ್ವಂತ ಪ್ರಯೋಗಕ್ಕೆ ಹೊತ್ತೇ ಉಳಿಯಲಿಲ್ಲ. ಉತ್ತರ ಎಷ್ಟು ಬರಬೇಕೆಂದು ಗೊತ್ತಿತ್ತು, ಹಿಂದಿನಿಂದ ಲೆಕ್ಕ ಹಾಕಿ, ಹತ್ತು ಮಿಲಿಲೀಟರ್ ಆಮ್ಲಕ್ಕೆ ಮೂರೂ ಸಲ ಸರಿಯಾಗಿ ಹತ್ತೇ ಮಿಲಿಲೀಟರ್ ಪ್ರತ್ಯಾಮ್ಲ ಇಳಿಯಿತು, ಹತ್ತಕ್ಕೆ ಹತ್ತು, ಎಂದು ಬರೆದುಬಿಟ್ಟೆ. ನನ್ನದನ್ನು ಅವರು ನೋಡುವುದೇ ಇಲ್ಲ ಎಂಬ ಭರವಸೆ.

ಮರುದಿನ ನನ್ನ ಪುಸ್ತಕವನ್ನು ಇಡೀ ತರಗತಿಯ ಮುಂದೆ ಎತ್ತಿ ಹಿಡಿದರು. "ಮೂರು ಸಲಾನೂ ಹತ್ತಕ್ಕ ಹತ್ತು. ಗಾಜಿನ ಕೊಳವಿ ಇಷ್ಟು ಬರೋಬ್ಬರಿ ಯಾರಿಗೂ ಇಳಿದಿಲ್ಲ. ಈಕಿ ಕಾಣದ್ದನ್ನ ಕಂಡೀನಿ ಅಂತ ಬರದಾಳ." ಸೊನ್ನೆ ಹಾಕಿದ್ದರು.

ಕಾಣದ್ದನ್ನು ಕಂಡೆ ಎಂದು! ಯಾರು, ಯಾರಿಗೆ? ನನ್ನ ಕಿವಿಯವರೆಗೂ ಬೆಂಕಿ ಹತ್ತಿತು. ಯಾರ ಕೆಲಸ ಮಾಡುತ್ತ ನನ್ನ ಹೊತ್ತು ಹೋಯಿತೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಮಾತು ಕೊಟ್ಟಿದ್ದೆ. ಅವರಾದರೂ ಆಮೇಲೆ ಕರೆದು ಒಂದು ಮಾತಾಡುತ್ತಾರೆ ಎಂದು ಕಾದೆ. ಕರೆಯಲಿಲ್ಲ. ಅವರ ಲೆಕ್ಕದಲ್ಲಿ ಅದು ಮುಗಿದ ವಿಷಯ. ಸುಳ್ಳು ಬರೆದವರಿಗೆ ಸೊನ್ನೆ, ಅದರಲ್ಲಿ ನಮ್ಮವರು ತಮ್ಮವರು ಇಲ್ಲ. ಇವತ್ತು ನಾನೂ ಅದನ್ನೇ ಮಾಡುತ್ತೇನೆ. ಹದಿನೇಳು ವರ್ಷದವಳಿಗೆ ಅದು ಹೇಗೆ ತಿಳಿಯಬೇಕು? ನಾನಿಲ್ಲದಿದ್ದರೆ ಗೊತ್ತಾಗುತ್ತದೆ ಎಂದು ಹಲ್ಲು ಕಚ್ಚಿದೆ.

ಅದಾದ ವಾರಕ್ಕೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಪ್ರಾಂಶುಪಾಲರು ಅವರನ್ನು ನೇರವಾಗಿ ನಮ್ಮ ಪ್ರಯೋಗಶಾಲೆಗೆ ಕರೆತಂದರು, ಕಾಲೇಜಿನಲ್ಲಿ ತೋರಿಸುವಂಥದ್ದು ಅದೊಂದೇ ಇತ್ತು. "ಒಂದು ಪ್ರಯೋಗ ಮಾಡಿ ತೋರಿಸ್ರಿ" ಎಂದರು ಅಧಿಕಾರಿ. ಸರ್ ಬಿಳಿ ಅಂಗಿಯ ತೋಳು ಮಡಚಿ, ಬ್ಯುರೆಟ್ ತುಂಬಿಸಿ, ನನ್ನನ್ನು ಕಿಟಕಿಯ ಪಕ್ಕಕ್ಕೆ ಕರೆದರು. ನಾನು ಹೋಗಿ ನಿಂತೆ.

ಹನಿ ಬೀಳತೊಡಗಿತು. "ಬಂತೇನು?"

ಬಂದಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಇನ್ನೂ ನಾಲ್ಕು ಹನಿ. ಐದನೆಯದಕ್ಕೆ ಬಂತು. ಅಷ್ಟು ಚಂದದ ತಿಳಿಗುಲಾಬಿ ಎರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಬಂತೇನವಾ?"

ನಾನು ಸುಮ್ಮನಿದ್ದೆ.

ಮತ್ತೆ ಹನಿ. "ಬಂತೇನು?" ನಾನು ಬುದ್ದಲಿಯನ್ನು ನೋಡುತ್ತಲೇ ಇದ್ದೆ. ಗುಲಾಬಿ ಗಾಢವಾಯಿತು, ಇನ್ನೂ ಗಾಢವಾಯಿತು, ಹಬ್ಬದ ಸೀರೆಯ ರಾಣಿ ಬಣ್ಣವಾಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅವನ ಹಿಂದೆ ಎಲ್ಲರೂ ನಕ್ಕರು. ಅಧಿಕಾರಿ ಹುಬ್ಬೇರಿಸಿ, "ಏನ್ರೀ ಮಾಸ್ತರ್, ಇಷ್ಟು ಕೆಂಪಾದ್ರೂ ಬಿಡಾಕತ್ತೀರಲ್ಲ, ಕಣ್ಣು ಕಾಣಂಗಿಲ್ಲೇನು?" ಎಂದರು. ಅವರದು ಬರೀ ತಮಾಷೆ.

ಸರ್ ತಿರುಪು ಬಂದ್ ಮಾಡಿದರು. ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಾಗಿಲು ತೆರೆದಿರುತ್ತದೆ ಎಂದು ಬಂದವರು ಬೀಗ ನೋಡಿದ ಹಾಗೆ ನೋಡಿದರು.

"ಹೌದ್ರಿ ಸಾಹೇಬ್ರ," ಎಂದರು. "ಕೆಂಪು ಕಾಣಂಗಿಲ್ಲ ನನಗ."

ನಗು ನಿಂತಿತು. ಅವರು ಜೇಬಿನಿಂದ ಉಳ್ಳಾಗಡ್ಡಿ ತೆಗೆದು, ಸೀಳಿ, ಬಟ್ಟೆಗೆ ತಿಕ್ಕಿ, ಅಧಿಕಾರಿಗೆ ಕಣ್ಣು ಮುಚ್ಚಲು ಹೇಳಿದರು. ಎರಡು ಬಾಟಲಿಯಲ್ಲಿ ಅದ್ದಿ ಮೂಸಿಸಿದರು. ಕಣ್ಣಿಲ್ಲದೆ ಆಮ್ಲವನ್ನು ಹೇಗೆ ಹಿಡಿಯಬಹುದೆಂದು ಅಷ್ಟು ಚೆನ್ನಾಗಿ ಯಾರೂ ಪಾಠ ಮಾಡಿರಲಾರರು. ಆದರೆ ಅಧಿಕಾರಿ ಮೂಗು ಒರೆಸಿಕೊಂಡು ಹೊರಟುಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇದು ಅಡಿಕೆಗೂ ಅಲ್ಲ, ಒಂದು ಹುಡುಗಿಯ ಸೊನ್ನೆಗೆ ಹೋಯಿತು.

ನೌಕರಿ ಹೋಗಲಿಲ್ಲ. ಒಂದು ತಿಂಗಳಿಗೆ ಪತ್ರ ಬಂತು, ಅವರು ಇನ್ನು ಮುಂದೆ ಪಾಠ ಮಾತ್ರ ಮಾಡಬೇಕು, ಪ್ರಯೋಗಗಳನ್ನು ಬೇರೆಯವರು ಮಾಡಿಸಬೇಕು ಎಂದು. ಹೊಸಬರು ಬಂದರು. ಅವರ ಕಣ್ಣು ಚೆನ್ನಾಗಿತ್ತು, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಪ್ರಯೋಗದ ಹೊತ್ತಿನಲ್ಲಿ ಸರ್ ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿರುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಮೂಗೆತ್ತಿ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ. ತರಗತಿಯಲ್ಲಿ ಯಾರು ಏನು ಪಿಸುಗುಟ್ಟಿದರೂ ನನ್ನ ಬಗ್ಗೆಯೇ ಎಂದು ಕುಂಬಳಕಾಯಿ ಕಳ್ಳಿಯಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಒಮ್ಮೆ ಮಾತ್ರ ಅವರಾಗಿಯೇ ಕರೆದರು. ಈಗ ಕೇಳುತ್ತಾರೆ, ಕೇಳಿದರೆ ಕಾಲು ಹಿಡಿದುಬಿಡುತ್ತೇನೆ ಎಂದುಕೊಂಡು ಹೋದೆ.

"ಅವತ್ತು ಕಡೀಕ ಬಣ್ಣ ಹೆಂಗಿತ್ತವಾ?"

"ರಾಣಿ ಬಣ್ಣ ಸರ್."

"ಚಂದಿತ್ತೇನು?"

"ಚಂದಿತ್ರಿ ಸರ್."

"ಹೌದೇನು," ಎಂದು ತಲೆಯಾಡಿಸಿದರು. ಮತ್ತೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾನು ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಲಿಂಗಸುಗೂರಿನಲ್ಲಿ ಇದೇ ರಸಾಯನಶಾಸ್ತ್ರ ಹೇಳಲು ನಿಂತೆ. ಅವರು ಮಸ್ಕಿಗೆ ವರ್ಗ ಮಾಡಿಸಿಕೊಂಡು, ಅಲ್ಲೇ ನಿವೃತ್ತರಾಗಿ, ಅಲ್ಲೇ ಮನೆ ಕಟ್ಟಿದರು. ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವುದರೊಳಗೆ ಬರುತ್ತದೆ. ಆ ಊರು ದಾಟಿಯೇ ತವರಿಗೆ ಹೋಗುತ್ತೇನೆ. ಇಷ್ಟು ವರ್ಷದಲ್ಲಿ ಇಳಿಯಲಿಲ್ಲ. ಪ್ರತಿ ಸಲ ಮುಂದಿನ ಸಲ ಎಂದುಕೊಂಡೆ.

ಮೂರು ವರ್ಷದ ಹಿಂದೆ ಧೈರ್ಯ ಮಾಡಿ ಫೋನ್ ಮಾಡಿದೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು, ಎರಡನೇ ಸಲ ಕೇಳಲಿಲ್ಲ.

"ನಿನಗ ಲ್ಯಾಬ್ ಐತೇನವಾ?"

"ಐತ್ರಿ ಸರ್."

"ನಿನ್ನ ಹುಡುಗರೊಳಗ ಕೆಂಪು ಕಾಣದವ್ರು ಯಾರರ ಅದಾರೇನು, ನೋಡೀಯೇನು? ಅವ್ರಾಗಿ ಹೇಳಂಗಿಲ್ಲ, ನೀನ ಹಿಡೀಬೇಕು."

"ನೋಡ್ತೀನ್ರಿ." ಆಮೇಲೆ ಉಸಿರು ಹಿಡಿದು, "ಸರ್, ಅವತ್ತು ಆ ಸಾಹೇಬ್ರು ಬಂದ ದಿನ, ನಾನು..." ಎಂದು ಶುರು ಮಾಡಿದೆ.

"ಹಲೋ? ಹಲೋ? ಟವರ್ ಇಲ್ಲವಾ ಇಲ್ಲಿ. ಕೇಳಸವಲ್ದು. ಮತ್ತೊಮ್ಮಿ ಮಾಡು, ಹಾಂ?"

ಅವರ ಮನೆಯ ಕುಕ್ಕರಿನ ಸೀಟಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಫೋನ್ ಇಟ್ಟರು. ನನ್ನ ಮಾತು ಅವರಿಗೆ ಬೇಡವಾಗಿದೆ ಎಂದುಕೊಂಡೆ. ಮತ್ತೆ ಮಾಡಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೊಬ್ಬಳೇ ಅಲ್ಲ ನಿಜ, ಆದರೆ ಕಣ್ಣೇ ನನ್ನ ಕೆಲಸವಾಗಿತ್ತಲ್ಲ!

ಸುದ್ದಿ ಬಂದ ಮೇಲಿನ ಭಾನುವಾರ ಕೊನೆಗೂ ಮಸ್ಕಿಯಲ್ಲಿ ಇಳಿದೆ. ಅಶೋಕನ ಶಾಸನದ ಗುಡ್ಡದ ಕೆಳಗಿನ ಓಣಿಯಲ್ಲಿ ನೀಲಿ ಸುಣ್ಣದ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅವರ ಹೊಸ ಪಟ, ಬಿಳಿ ಅಂಗಿಯದೇ. ಅವರ ಹೆಂಡತಿಯನ್ನು ನಾನು ಎಂದೂ ನೋಡಿರಲಿಲ್ಲ. ನಾನು ಗೊರೇಬಾಳದವಳು ಎನ್ನುತ್ತಿದ್ದಂತೆ ಕೈ ಹಿಡಿದು ಒಳಗೆ ಕರೆದುಕೊಂಡರು.

"ನೀನೇನು ಆಕಿ! ಮನಿಯಾಗ ನಾ, ಕಾಲೇಜಿನ್ಯಾಗ ನೀ. ಇಬ್ಬರ ಕಣ್ಣೂ ತೊಗೊಂಡು ಬಾಳೇವು ಮಾಡ್ಯಾರ." ಉಟ್ಟ ಸೀರೆಯ ಸೆರಗು ತೋರಿಸಿ ನಕ್ಕರು. "ಇದನ್ನ ಹಸರು ಅಂತ ತಂದಿದ್ರು ನೋಡು. ಅಂಗಡ್ಯಾಂವ ಟೋಪಿ ಹಾಕ್ಯಾನ. ನಾ ಹಸರು ಚಂದೈತ್ರಿ ಅಂತ ಉಟಗೊಂಡೆ. ಹದಿನೈದು ವರ್ಷ ಹಸರಾಗೇ ಐತಿ." ಸೀರೆ ಇಟ್ಟಿಗೆಯ ಬಣ್ಣದ್ದು.

ಮಂಡಾಳ, ಅಂದರೆ ಮಂಡಕ್ಕಿಯ, ಒಗ್ಗರಣೆ ಮಾಡಲು ಉಳ್ಳಾಗಡ್ಡಿ ಹೆಚ್ಚುತ್ತ ಕೂತರು. ಅದರ ನೆಪದಲ್ಲಿ ಇಬ್ಬರೂ ಕಣ್ಣೊರೆಸಿಕೊಂಡೆವು. ಫೋನಿನ ಮಾತು ನಾನೇ ತೆಗೆದೆ. ಒಮ್ಮೆ ಮಾಡಿದ್ದೆ, ಟವರ್ ಇರಲಿಲ್ಲ, ಕೇಳಿಸಲಿಲ್ಲ ಎಂದೆ.

ಅವರ ಕೈ ನಿಂತಿತು. "ಕೇಳಿಸಿತ್ತವಾ. ನಾ ಇಲ್ಲೇ ಕುಂತಿದ್ದೆ. ಯಾಕ ಸುಳ್ಳು ಹೇಳಿದ್ರಿ ಅಂದೆ. 'ಆಕಿ ತಪ್ಪಾತು ಅನ್ನಾಕತ್ತಿದ್ಲು. ಕೇಳಿಬಿಟ್ಟಿದ್ರ ಆಕೀ ಭಾರ ಇಳೀತಿತ್ತು, ಮತ್ತ್ಯಾಕ ಫೋನ್ ಮಾಡ್ತಾಳ? ಹೇಳೋದು ಉಳದಿದ್ರ ಮತ್ತ ಮಾಡ್ತಾಳ' ಅಂದ್ರು. ಸಣ್ಣ ಹುಡುಗರಗತೆ ನಕ್ರು. ಆಮ್ಯಾಲೆ ಫೋನ್ ಸಪ್ಪಳ ಆದಾಗೆಲ್ಲಾ 'ನೋಡ, ಗೊರೇಬಾಳದಾಕಿ ಇರಬೇಕು' ಅಂತಿದ್ರು. ಮೂರು ವರ್ಷ ಹಿಂಗ ಅನ್ಕೋತ ಬಂದ್ರು."

ಮಂಡಾಳು ತಿಂದೆನೋ ಇಲ್ಲವೋ ನೆನಪಿಲ್ಲ. ಹೊರಡುವಾಗ ಗೂಡಿನಲ್ಲಿ ಅವರ ಹಳೆಯ ಫೋನ್ ಚಾರ್ಜಿಗೆ ಇಟ್ಟದ್ದು ಕಂಡಿತು. "ಬಂದ್ ಮಾಡಿಲ್ಲವಾ," ಎಂದರು. "ಹಳೇ ಹುಡುಗರು ಮಾಡ್ತಿರ್ತಾರ. ಅವ್ರ ಬದಲಿ ನಾ ಮಾತಾಡ್ತೀನಿ."

ಮಸ್ಕಿ ಬಸ್ ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸು ನಿಂತಿತ್ತು. ಹತ್ತಲಿಲ್ಲ. ಹಾರ್ನುಗಳ ಗದ್ದಲದಲ್ಲಿ ಕಂಬಕ್ಕೆ ಒರಗಿ ಸರ್ ಅವರ ನಂಬರು ಒತ್ತಿದೆ. ಎರಡು ರಿಂಗಿಗೆ ಎತ್ತಿದರು.

"ನಾನ್ರಿ ಅಮ್ಮ. ಈಗ ಬಂದು ಹೋದಾಕಿ. ಬಸ್ಸಿನ ಸಪ್ಪಳ ಭಾಳೈತಿ, ನಿಮಗ ಕೇಳಸ್ತೈತೋ ಇಲ್ಲೋ..."

ಆ ಕಡೆ ಪಾತ್ರೆ ಕೆಳಗಿಟ್ಟ ಸಪ್ಪಳವಾಯಿತು.

"ಕೇಳಸಾಕತ್ತೈತಿ," ಎಂದರು. "ಹೇಳವಾ."

"ಅವತ್ತು ಬಣ್ಣ ಬಂದಿತ್ತು," ಎಂದೆ. "ಬಂದಿದ್ದನ್ನ ನಾ ನೋಡಿದ್ದೆ."